ಸಂಡರ್‌ಲ್ಯಾಂಡಿನಲ್ಲಿ ಒಂಬತ್ತರವರೆಗೆ ಎಣಿಸಿದರು

ಜಗಳೂರು

ಜಗಳೂರಿನ ಟೆಂಟಿನಲ್ಲಿ ಒಂದು ಸಂಜೆ ಸಿನಿಮಾ ಆಪರೇಟರನ ಅಂಗಿ ಹರಿಯಿತು. ನನ್ನ ಇಂಗ್ಲೆಂಡ್ ಪ್ರವಾಸ ಅಲ್ಲಿಂದ ಶುರುವಾಯಿತೆಂದರೆ ಯಾರೂ ನಂಬಲಾರರು. ಆದರೆ ದಿನಚರಿಯ ಪುಟಗಳನ್ನು ಹಿಂದಕ್ಕೆ ಮಗುಚುತ್ತ ಹೋದರೆ ಎಳೆಯ ತುದಿ ಸಿಗುವುದು ಅಲ್ಲಿಯೇ.

ನನ್ನ ಸೋದರಮಾವನ ಮಗ ಹಾಲೇಶಿ ಹೊನ್ನಾಳಿಯ ಗರಡಿಯಲ್ಲಿ ಬೆಳೆದ ಪೈಲ್ವಾನ. ಅವನ ಅಕ್ಕನನ್ನು ಬಿಳಿಚೋಡಿಗೆ ಕೊಟ್ಟಿತ್ತು. ಅವಳನ್ನು ನೋಡಿಕೊಂಡು ಬರಲು ಹೋದ ನಾವಿಬ್ಬರು ಜಗಳೂರಿನಲ್ಲಿ ಇಂಗ್ಲಿಷ್ ಪಿಚ್ಚರ್ ಬಂದಿದೆಯೆಂದು ಕೇಳಿ ಟೆಂಟಿಗೆ ನುಗ್ಗಿದೆವು. ಒಬ್ಬ ಬಾಕ್ಸರನ ಕಥೆಯ ಎರಡನೇ ಭಾಗ ಅದು. ಮೊದಲ ಭಾಗವನ್ನು ನಮ್ಮ ಗರಡಿಯವರೆಲ್ಲ ದಾವಣಗೆರೆಗೆ ಹೋಗಿ ಮೂರು ಮೂರು ಸಲ ನೋಡಿದ್ದರು. ನಾಯಕನ ಹೆಸರು ಯಾರ ನಾಲಿಗೆಗೂ ಹೊರಳದೆ, ಅವನು ನಮ್ಮವರ ಬಾಯಲ್ಲಿ ‘ಗುದ್ದಪ್ಪ’ ಆಗಿದ್ದ.

ಕೊನೆಯಲ್ಲಿ ಗುದ್ದಪ್ಪ ಏಟು ತಿಂದು ಬೀಳುತ್ತಾನೆ. ರೆಫ್ರಿ ಬಗ್ಗಿ ಎಣಿಸತೊಡಗುತ್ತಾನೆ. ಟೆಂಟಿನಲ್ಲಿದ್ದ ನಾವೆಲ್ಲ ಅವನ ಜೊತೆ ಕನ್ನಡದಲ್ಲಿ ಎಣಿಸಿದೆವು. ಒಂಬತ್ತಕ್ಕೆ ಚಿತ್ರ ಮುಗಿದುಹೋಯಿತು. ಹತ್ತನ್ನು ಜನವೇ ಕೂಗಿತು. ನಾನೂ ಕೂಗಿದೆ. ಮರುಕ್ಷಣ ಎಲ್ಲರೂ ಆಪರೇಟರನ ಮೇಲೆ ಬಿದ್ದರು.

“ಲಾಸ್ಟ್ ರೀಲು ಎಲ್ಲಿಟ್ಟೀಯಲೇ?”

“ಇಷ್ಟೇ ಐತೆ ಕಣ್ರಪ್ಪೋ! ನಮ್ಮವ್ವನಾಣೆ, ಇಷ್ಟೇ ಕಳ್ಸ್ಯಾರೆ!”

“ಮತ್ತೆ ಅವ್ನು ಎದ್ನೋ ಇಲ್ಲೋ?”

“ನಂಗೇನ್ ಗೊತ್ತು? ನಾನೇನ್ ಹೊಡ್ದೀನೇನ್ರೀ ಅವ್ನಿಗೆ?”

ಅಂಗಿ ಹರಿದದ್ದು ಆಗ. ಹಾಲೇಶಿ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ಬರೀ ಬಿಳಿ ಪರದೆಯನ್ನು ನೋಡುತ್ತಿದ್ದ. “ಭಾವ, ಯಾಕೆ ಹತ್ತು ಅಂದೆ? ಅವ್ರು ಅಂದಿಲ್ಲಲ್ಲ” ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ, ದಿನಚರಿಯಲ್ಲಿ ಅದು ಇಲ್ಲ. “ನಮ್ಮ ಕುಸ್ತ್ಯಾಗೆ ಬೆನ್ನಿಗೆ ಮಣ್ಣು ತಾಗ್ತೋ, ಮುಗೀತು. ಬಿದ್ದೋನಿಗೆ ಒಂದು ಅನ್ನೋಷ್ಟೂ ಪುರಸೊತ್ತಿಲ್ಲ. ಅವ್ರಾಗೆ ನೋಡು, ಹತ್ತರ ತನಕ ಕಾಯ್ತಾರೆ.”

ಹೊನ್ನಾಳಿ, ಹೊರಡುವ ಹಿಂದಿನ ದಿನ

ಅದಾಗಿ ಒಂದು ವರ್ಷದ ಮೇಲೆ ನ್ಯಾಮತಿಯ ಪಂದ್ಯದಲ್ಲಿ ಹಾಲೇಶಿಯನ್ನು ಎದುರಾಳಿ ಎತ್ತಿ ಒಗೆದ. ಬೆನ್ನಿಗೆ ಮಣ್ಣು ತಾಗಿತು, ಪಂದ್ಯ ಮುಗಿಯಿತು. ಹಾಲೇಶಿ ಏಳಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದ. ಮೂಳೆ ಕೂಡಿದೆ, ಕಾಲಿಗೆ ಶಕ್ತಿ ಇದೆ, ಇನ್ನು ನಡೆಯಲು ಏನೂ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಮನೆಗೆ ಬಂದವನು ಮಲಗಿಯೇ ಉಳಿದ. ಎಬ್ಬಿಸಿ ನಿಲ್ಲಿಸಿದರೆ ಕಾಲು ಮಡಚಿ ಕುಸಿಯುತ್ತಿದ್ದ. ಗರಡಿಗೆ ಅಂಟಿಕೊಂಡ ಪಡಸಾಲೆಯಲ್ಲಿ ಹಗ್ಗದ ಮಂಚ ಹಾಕಿಸಿಕೊಂಡು, ಒಳಗೆ ಬೇರೆಯವರು ತೊಡೆ ತಟ್ಟುವ ಸದ್ದು ಕೇಳುತ್ತ, ಆರು ತಿಂಗಳಿಂದ ಹಾಗೇ ಬಿದ್ದಿದ್ದ.

ನಾನು ಚನ್ನಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಆರು ವಾರದ ತರಬೇತಿಗೆ ಇಂಗ್ಲೆಂಡಿನ ಉತ್ತರದ ಒಂದು ಬಂದರು ಊರಿಗೆ ಹೋಗುವ ಅವಕಾಶ ಬಂದಾಗ ಹೇಳಿಹೋಗಲು ಹೊನ್ನಾಳಿಗೆ ಹೋದೆ.

“ಮೂರನೇ ಭಾಗ ಬಂದೈತಂತೆ ಅಲ್ಲಿ” ಎಂದ ಹಾಲೇಶಿ. ಕಣ್ಣು ಸೂರಿನ ಮೇಲಿತ್ತು. “ನೋಡ್ಕೊಂಡ್ ಬಾ ಭಾವ. ಗುದ್ದಪ್ಪ ಎದ್ರೆ ನಾನೂ ಏಳ್ತೀನಿ.”

“ಪಿಚ್ಚರ್‌ನೋರು ಎಬ್ಬಿಸ್ದಿದ್ರೆ?”

“ಹಂಗಾದ್ರೆ ನನ್ನ ಎಬ್ಸಾಕೆ ಯಾರೂ ಬರಬ್ಯಾಡ್ರಿ.”

ಅವನ ತಾಯಿ, ನನ್ನ ಅತ್ತೆ, ನನ್ನನ್ನು ಹಿತ್ತಲಿಗೆ ಕರೆದು, “ಪರಮೇಶಿ, ಅದೇನಾರ ಇರ್ಲಿ, ಎದ್ದ ಅಂತ ಬರಿ. ನಿನ್ನ ಕಾಲಿಗೆ ಬೀಳ್ತೀನಿ” ಎಂದರು. ಹಾಲೇಶಿಯ ತಂದೆ, ಗರಡಿಯ ಉಸ್ತಾದರೂ ಆಗಿದ್ದ ಕೊಟ್ರಪ್ಪಮಾವ ಬಸ್ ನಿಲ್ದಾಣದ ತನಕ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಕಂಬಿ ಹಿಡಿದು ಹೇಳಿದರು: “ನಿಮ್ಮತ್ತೆ ಏನಂದಾಳೆ ಅಂತ ಗೊತ್ತು. ಪಂದ್ಯದ ಸುದ್ದಿ ಮಾತ್ರ ಸುಳ್ಳು ಹೇಳಬ್ಯಾಡಪ್ಪ. ಗರಡಿ ಹಾಳಾಗ್ತೈತೆ.”

ಸಂಡರ್‌ಲ್ಯಾಂಡ್, ಮೊದಲ ವಾರ

ಬಂದರಿನ ಊರೆಂದರೆ ಗದ್ದಲ ಇರುತ್ತದೆಂದು ನಾನು ಭಾವಿಸಿದ್ದೆ. ಇಲ್ಲಿ ಹಡಗು ಕಟ್ಟುವ ಅಂಗಳಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಗಿಲು ಹಾಕಿದ್ದವು. ಸಮುದ್ರದಿಂದ ಮಂಜು ಎದ್ದು ಬಂದು ಬೀದಿಗಳನ್ನು ತುಂಬಿಕೊಳ್ಳುತ್ತಿತ್ತು. ಮಧ್ಯಾಹ್ನ ಮೂರೂವರೆಗೇ ಬೀದಿ ದೀಪ ಹತ್ತುತ್ತಿದ್ದವು. ಮಂಜಿನೊಳಗಿಂದ ಹಡಗುಗಳಿಗೆ ಎಚ್ಚರಿಕೆ ಕೊಡುವ ಕಹಳೆ, ಎಮ್ಮೆಯೊಂದು ಬಾವಿಯೊಳಗೆ ನಿಂತು ಕೂಗಿದ ಹಾಗೆ, ಒಂದೇ ಅಂತರದಲ್ಲಿ ಕೇಳುತ್ತಿತ್ತು. ಎರಡನೇ ದಿನದಿಂದ ನಾನು ಅರಿವಿಲ್ಲದೆ ಅದನ್ನು ಎಣಿಸತೊಡಗಿದೆ.

ನಾನು ಉಳಿದದ್ದು ಹಾರ್ಪರ್ ಎಂಬ ವಿಧವೆಯ ಮನೆಯಲ್ಲಿ. ಮನಸ್ಸಿನಲ್ಲೇ ಅವರನ್ನು ಹಾರ್ಪರಮ್ಮ ಎಂದು ಕರೆಯುತ್ತಿದ್ದೆ. ಟೆಲಿವಿಷನ್ನಿನಲ್ಲಿ ವಾರ್ತೆ ಓದುವವನು ನಮಸ್ಕಾರ ಹೇಳಿದರೆ ಅವರೂ ತಿರುಗಿ ನಮಸ್ಕಾರ ಹೇಳುತ್ತಿದ್ದರು. ಹಡಗಿನ ಕೆಲಸಗಾರನಾಗಿದ್ದ ಗಂಡ ಸತ್ತು ಏಳು ವರ್ಷವಾಗಿತ್ತು. ಆತನ ಟೋಪಿ ಬಾಗಿಲ ಹಿಂದಿನ ಗೂಟದಲ್ಲೇ ಇತ್ತು. ಮಳೆ ಬಂದ ದಿನ ಅದನ್ನು ತೆಗೆದು ಒಲೆಯ ಹತ್ತಿರ ಒಣಗಲು ಇಡುತ್ತಿದ್ದರು. ಮುಟ್ಟಿ ನೋಡಬೇಕೆನಿಸಿತು. ಮುಟ್ಟಲಿಲ್ಲ.

ಗುದ್ದಪ್ಪನ ವಿಷಯ ಎತ್ತಿದಾಗ ಅವರ ಮುಖ ಬದಲಾಯಿತು. ಆ ನಟ ಅದೇ ಕರಾವಳಿಯವನಂತೆ. ಊರಿನವರಿಗೆ ಅವನು ಮನೆಯ ಮಗ.

“ಹೋಗಿಬಿಟ್ಟನಲ್ಲ ಅವನು” ಎಂದರು ಹಾರ್ಪರಮ್ಮ. “ನಿಮ್ಮಲ್ಲಿಗೆ ಸುದ್ದಿ ಬರಲಿಲ್ಲವೆ? ಹೋದ ವಸಂತದಲ್ಲಿ. ಮಲಗಿದ್ದವನು ಏಳಲೇ ಇಲ್ಲ.”

ಸಾಯುವ ಮೊದಲು ಹೊಸ ಚಿತ್ರಕ್ಕೆ ಅವನು ಒಂದು ದಿನವೂ ಕೆಲಸ ಮಾಡಿರಲಿಲ್ಲ. ಹಳೆಯ ಭಾಗದ ತುಣುಕುಗಳನ್ನೇ ಮೊದಲಿಗೆ ಸೇರಿಸಿ, ಮುಂದಿನ ಕಥೆಯನ್ನು ಅವನ ತಮ್ಮನ ಪಾತ್ರದ ಮೇಲೆ ಕಟ್ಟಿದ್ದರಂತೆ.

“ಹಾಗಾದರೆ ಅವನು ಎದ್ದನೋ ಇಲ್ಲವೋ ಗೊತ್ತಾಗುವುದಿಲ್ಲವೆ?”

“ಗೊತ್ತಾಗುತ್ತದೆ ಎನ್ನುತ್ತಾರೆ” ಎಂದು ಅವರು ಟೀ ಸೋಸಿದರು. “ಪರದೆಯನ್ನೇ ನೋಡುತ್ತಿದ್ದರೆ.”

ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಮನೆಗೆ ಕಾಗದ ಬರೆಯಲು ಕೂತು ಚಳಿ, ಆಲೂಗಡ್ಡೆ, ಬಟ್ಟೆ ಒಣಗದಿರುವುದು ಇಷ್ಟನ್ನೇ ಬರೆದೆ. ಹಾಲೇಶಿಯ ಹೆಸರು ಬಂದ ಸಾಲಿನಲ್ಲಿ ಪೆನ್ನು ನಿಂತಿತು.

ಶನಿವಾರದ ಮ್ಯಾಟಿನಿ

ಚಿತ್ರಮಂದಿರ ನದಿಯ ಹತ್ತಿರ, ಇಳಿಜಾರಿನ ಬೀದಿಯಲ್ಲಿತ್ತು. ನಮ್ಮಲ್ಲಿ ಇಂಥ ಚಿತ್ರ ಬಂದರೆ ಹೊರಗೆ ತಳ್ಳಾಟ, ಸಿಳ್ಳೆ, ಕಟೌಟಿಗೆ ಹಾರ. ಇಲ್ಲಿ ಜನ ಸಾಲಾಗಿ, ಒಬ್ಬರನ್ನೊಬ್ಬರು ಮುಟ್ಟದೆ ನಿಂತಿದ್ದರು. ಮಾತಾಡಿದರೂ ಪಿಸುಮಾತು. ಸಾವಿನ ಮನೆಗೆ ಬಂದವರು ಅಂಗಳದಲ್ಲಿ ಕಾಯುವಾಗ ಇರುತ್ತಾರಲ್ಲ, ಹಾಗೆ. ಹೆಚ್ಚಿನವರು ಐವತ್ತು ದಾಟಿದ ಗಂಡಸರು, ಕೈ ಒರಟಾದವರು. ಕೆಲವರು ಚಿತ್ರವನ್ನು ಏಳೆಂಟು ಸಲ ನೋಡಿದ್ದರು ಎಂದು ಹಾರ್ಪರಮ್ಮ ಹೇಳಿದರು.

ನನ್ನ ಎಡಕ್ಕೆ ಹಾರ್ಪರಮ್ಮ, ಬಲಕ್ಕೆ ಡಾಬ್ಸನ್ ಎಂಬ ಮುದುಕ. ಹಡಗಿನ ತಗಡಿಗೆ ಮೊಳೆ ಬಡಿಯುವ ಕೆಲಸದಲ್ಲಿ ಕಿವಿ ಅರ್ಧ ಹೋಗಿತ್ತಂತೆ. ದೀಪ ಆರಿತು. ಮೊದಲ ದೃಶ್ಯವೇ ಆ ಬಾಕ್ಸಿಂಗ್ ಅಂಕಣ. ಜಗಳೂರಿನಲ್ಲಿ ಗೀರು ಬಿದ್ದ ರೀಲಿನಲ್ಲಿ ನೋಡಿದ್ದ ಅದೇ ಏಟು, ಅದೇ ಬೀಳುವಿಕೆ. ರೆಫ್ರಿ ಬಗ್ಗಿದ. ಮಂದಿರದಲ್ಲಿದ್ದ ಗಂಡಸರೆಲ್ಲ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಒಂದು, ಎಂದಿತು ಇಡೀ ಮಂದಿರ. ಕೂಗಲಿಲ್ಲ, ಪಿಸುಗುಟ್ಟಿತು. ನಾಲ್ಕುನೂರು ಜನ ಒಟ್ಟಿಗೆ ಪಿಸುಗುಟ್ಟಿದರೆ ಎಂಥ ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒಣಗಿದ ಜೋಳದ ಹೊಲದ ಮೇಲೆ ಗಾಳಿ ಹೋದ ಹಾಗೆ. ಎರಡು. ಮೂರು. ಪರದೆಯ ಮೇಲೆ ಈಗ ಬಿದ್ದವನ ಕೈ ಮಾತ್ರ ಇತ್ತು, ಗವಸು ತೊಟ್ಟ ಕೈ, ಪರದೆ ತುಂಬ. ಸತ್ತವನ ಕೈ ಎಂದು ನೆನಪಾಯಿತು. ಏಳು. ಎಂಟು. ಒಂಬತ್ತು.

“ಹತ್ತು!”

ಆ ಕೂಗು ನನ್ನದು. ಜಗಳೂರಿನ ಟೆಂಟಿನಲ್ಲಿ ಕೂಗಿದಷ್ಟೇ ಜೋರಾಗಿ, ಕನ್ನಡದಲ್ಲಿ. ನಾಲಿಗೆ ತಾನಾಗಿ ಆಡಿಬಿಟ್ಟಿತ್ತು. ಮಂದಿರದಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.

ಸುತ್ತ ನೋಡಿದೆ. ಯಾರೂ ಪರದೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ, ಗದ್ದವನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಸಾಲು ಸಾಲು ನೆತ್ತಿಗಳು, ಪರದೆಯ ಬೆಳಕಿನಲ್ಲಿ ನೀಲಿ. ಆಮೇಲೆ ಹತ್ತಿರದ ತಲೆಗಳು ಒಂದೊಂದಾಗಿ ನನ್ನ ಕಡೆಗೆ ತಿರುಗಿದವು. ಸಿಟ್ಟು ಇರಲಿಲ್ಲ ಆ ಮುಖಗಳಲ್ಲಿ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆದರಿಕೆ ಇತ್ತು.

ನಾನು ಪರದೆಯತ್ತ ತಿರುಗುವ ಹೊತ್ತಿಗೆ ಅಲ್ಲಿ ಬೇರೊಂದು ಬೀದಿ, ಬೇರೊಂದು ವರ್ಷ, ಅವನ ತಮ್ಮ ಓಡುತ್ತಿದ್ದ. ಇಷ್ಟು ದೂರ ಬಂದದ್ದು ಯಾವ ಕೆಲವು ಕ್ಷಣಗಳಿಗಾಗಿಯೋ, ಅವು ನನ್ನ ಬೆನ್ನ ಹಿಂದೆ ಮುಗಿದಿದ್ದವು. ಮುಂದಿನ ಎರಡು ಗಂಟೆಯಲ್ಲಿ ಅವನನ್ನು ಯಾರೂ ಬದುಕಿದ್ದಾನೆ ಎನ್ನಲಿಲ್ಲ, ಸತ್ತಿದ್ದಾನೆ ಎನ್ನಲಿಲ್ಲ. ‘ಅಣ್ಣ’ ಎಂದಷ್ಟೇ ಅಂದರು.

ಹೊರಗೆ ಬಂದ ಮೇಲೆ ಹಾರ್ಪರಮ್ಮ ನನ್ನ ತೋಳು ಹಿಡಿದುಕೊಂಡರು. “ನಿಮಗೆ ಹೇಳಬೇಕಾಗಿತ್ತು. ತಪ್ಪು ನನ್ನದು. ಅವನು ಹೋದ ಮೇಲೆ ಆ ಮಾತನ್ನು ನಾವು ಯಾರೂ ಆಡುವುದಿಲ್ಲ. ನೋಡುವುದೂ ಇಲ್ಲ.”

“ನೀವು ಯಾರೂ ನೋಡಿಲ್ಲವೆ? ಒಂದು ಸಲವೂ?”

“ಅವನು ಬಿದ್ದಿರುವುದನ್ನು ಯಾಕೆ ನೋಡಬೇಕು?”

ಡಾಬ್ಸನ್ ಮಂಜಿನಲ್ಲಿ ನಮ್ಮನ್ನು ದಾಟಿಹೋಗುತ್ತ ನಿಂತ. “ನೀನು ಏನೋ ಅಂದೆಯಲ್ಲ, ನಿಮ್ಮ ಭಾಷೆಯಲ್ಲಿ, ಏನದು?”

ನಾನು ಒಂದು ಪ್ರಾರ್ಥನೆ ಎಂದೆ. ಅರ್ಧ ಕಿವುಡನಾದ ಅವನು “ಇರಲಾರದು” ಎಂದು ಹೇಳಿ ಹೋದ.

ಸೋಮವಾರ

ಸೋಮವಾರ ತರಗತಿ ತಪ್ಪಿಸಿ ಒಬ್ಬನೇ ಹೋದೆ. ಈ ಸಲ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೂತೆ. ಬೆರಳೆಣಿಕೆಯ ಜನ. ಒಂಬತ್ತಕ್ಕೆ ಎಲ್ಲರ ತಲೆ ತಗ್ಗಿತು. ನಾನೊಬ್ಬನೇ ಕಣ್ಣು ತೆರೆದು ಆ ಗವಸನ್ನು ನೋಡಿದೆ.

ಏನು ನೋಡಿದೆ? ಇಷ್ಟು ವರ್ಷಗಳ ನಂತರ ನೆನಪನ್ನು ಕೇಳಿದರೆ, ಗವಸು ಅಲುಗಲಿಲ್ಲ ಎನ್ನುತ್ತದೆ. ಅದರ ಮೇಲೆ ಬೆವರಿನ ಒಂದು ಹನಿ ಇತ್ತು, ಅದೂ ಜಾರಲಿಲ್ಲ. ಆ ಕ್ಷಣ ಇಡೀ ಮಂದಿರದಲ್ಲಿ ಬದುಕಿರುವವನು ನಾನೊಬ್ಬನೇ ಎನಿಸಿತು. ಸುತ್ತ ಬಗ್ಗಿದ ಕುತ್ತಿಗೆಗಳು, ಎದುರಿಗೆ ಆ ಕೈ, ಹೊರಗೆ ಕಹಳೆ.

ಆದರೆ ಆ ದಿನದ ದಿನಚರಿಯಲ್ಲಿ ನನ್ನ ಅಕ್ಷರದಲ್ಲೇ ಇರುವುದು ಬೇರೆ. ‘ಕೈ ಅಲುಗಿತು. ಖಂಡಿತ ಅಲುಗಿತು.’

ಖಂಡಿತ ಎಂಬ ಮಾತೇ ನನಗೆ ಅನುಮಾನ ಹುಟ್ಟಿಸುತ್ತದೆ. ಕಂಡದ್ದನ್ನು ಬರೆಯುವಾಗ ಯಾರು ಖಂಡಿತ ಎನ್ನುತ್ತಾರೆ? ಅತ್ತೆಗಾಗಿ ಬರೆದೆನೆ? ಅಥವಾ ಕೈ ನಿಜವಾಗಿ ಅಲುಗಿ, ಶನಿವಾರ ನಾನು ಆಡಿದ ಮಾತಿನ ಅಳುಕು ಆಮೇಲೆ ನನ್ನ ನೆನಪಿನಲ್ಲಿ ಅದನ್ನು ನಿಲ್ಲಿಸಿತೆ? ಮೂರನೆಯ ಸಲ ನೋಡಿ ತೀರ್ಮಾನಿಸಬಹುದಿತ್ತು. ಮರುದಿನ ಹೋದಾಗ ಚಿತ್ರ ಬದಲಾಗಿತ್ತು.

ಚನ್ನಗಿರಿಯಿಂದ ಬಸ್ಸಿನಲ್ಲಿ

ಚನ್ನಗಿರಿಗೆ ಮರಳಿದ ಮೇಲೆ ಎರಡು ವಾರ ಹೊನ್ನಾಳಿಗೆ ಹೋಗಲಿಲ್ಲ. ನಿದ್ದೆಯ ಹೊತ್ತು ತಪ್ಪಿದೆ, ಪರೀಕ್ಷೆ ಬಂದಿದೆ ಎಂದು ನೆಪ ಹೇಳಿಕೊಂಡೆ. ಕೊನೆಗೆ ಮಾವನೇ ಹೇಳಿಕಳಿಸಿದರು: ಹಾಲೇಶಿ ಊಟ ಬಿಟ್ಟಿದ್ದಾನೆ, ನಾನು ಬರದಿರುವುದನ್ನೇ ಉತ್ತರ ಎಂದು ತಿಳಿದಿದ್ದಾನೆ.

ಸವಳಂಗ ದಾಟಿ ಬಸ್ಸು ನ್ಯಾಮತಿಯಲ್ಲಿ ನಿಂತಿತು. ಹಾಲೇಶಿ ಬಿದ್ದ ಬಯಲು ರಸ್ತೆಯಿಂದಲೇ ಕಾಣುತ್ತದೆ. ಯಾರೋ ಅಲ್ಲಿ ಮೆಣಸಿನಕಾಯಿ ಒಣಗಲು ಹರಡಿದ್ದರು. ನನ್ನ ಪಕ್ಕ ಕೂತಿದ್ದ ಯಜಮಾನರೊಬ್ಬರು, “ಇಂಗ್ಲೆಂಡಿಗೆ ಹೋಗಿದ್ ಮೇಷ್ಟ್ರು ನೀವೇ ಅಲ್ಲೇನ್ರೀ? ಅಲ್ಲಿ ಜನ ಹೆಂಗ್ರೀ?” ಎಂದು ಕೇಳಿದರು.

“ನಮ್ಮಂಗೇ.”

“ಹಂಗಾದ್ರೆ ಅಲ್ಲಿತಂಕ ಯಾಕ್ ಹೋದ್ರಿ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಕಿಟಕಿಯ ಆಚೆ ಮಟಮಟ ಮಧ್ಯಾಹ್ನದ ಬಿಸಿಲಿತ್ತು, ಆದರೂ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ನಾನು ಎಣಿಸುತ್ತಿದ್ದೆ.

ಹೊನ್ನಾಳಿ

ಪಡಸಾಲೆಯಲ್ಲಿ ಮಾವ, ಅತ್ತೆ, ಗರಡಿಯ ಐದಾರು ಪೈಲ್ವಾನರು. ಹಾಲೇಶಿ ಸೊರಗಿದ್ದ. ಮಂಚದ ಹಗ್ಗಗಳ ನಡುವೆ ಅವನ ಮೈ ತಗ್ಗಾಗಿ ಕೂತಿತ್ತು.

“ಹೇಳು ಭಾವ.”

ಅತ್ತೆ ಕಣ್ಣಲ್ಲೇ ಬೇಡುತ್ತಿದ್ದರು. ನಾನು ಹೇಳತೊಡಗಿದೆ. ನಟ ಸತ್ತದ್ದು, ಹಳೆಯ ತುಣುಕು, ಗವಸು. ಮಂದಿರದ ಜನ ಟೋಪಿ ತೆಗೆದು ಒಂಬತ್ತರ ತನಕ ಎಣಿಸಿ ತಲೆ ತಗ್ಗಿಸುವುದು. ಒಂದು ಸಲ ನನಗೆ ನೋಡಲಾಗಲಿಲ್ಲ, ಇನ್ನೊಂದು ಸಲ ನೋಡಿದರೂ ಅಲುಗಿತೋ ಇಲ್ಲವೋ ಈಗ ಹೇಳಲಾರೆ ಎಂದೆ. ಯಾಕೆ ನೋಡಲಾಗಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ನಾಚಿಕೆಯಾಗಿತ್ತು. ಈ ಒಂದು ವಿಷಯವನ್ನು ಅಲ್ಲಿ ನಾನು ಬಾಯಿಬಿಡಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ಸಂಜೆ ದಿನಚರಿಯಲ್ಲೂ ಹಾಗೆಂದು ಬರೆದಿದ್ದೇನೆ.

“ಓದಿಸಿದ್ದಕ್ಕೆ ಸಾರ್ಥಕ ಆತು” ಎಂದರು ಅತ್ತೆ. “ಎದ್ದ ಅಂತ ಒಂದ್ ಮಾತು ಅನ್ನಾಕೆ ಆಗ್ಲಿಲ್ವಲ್ಲ ನಿನಗೆ!”

ಹಾಲೇಶಿ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ. “ಸತ್ತೋನಿಗೂ ಹತ್ತು ಅಂದಿಲ್ಲ ಅವ್ರು?”

“ಇಲ್ಲ.”

“ಒಬ್ರೂ?”

“ಅಲ್ಲಿನೋರು ಒಬ್ರೂ ಅಂದಿಲ್ಲ.”

ಅವನು ಸೂರಿನಿಂದ ಕಣ್ಣು ತೆಗೆದ. “ನಂಗೂ ಎಣಿಸ್ರಿ” ಎಂದ.

ಮಾವ ತಲೆಯ ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಒಬ್ಬೊಬ್ಬರಾಗಿ ಉಳಿದವರೂ ತಲೆಗೆ ಸುತ್ತಿದ ವಸ್ತ್ರ ತೆಗೆದರು. ಒಂದು, ಎಂದರು ಮಾವ. ಎರಡಕ್ಕೆ ಎಲ್ಲರೂ ಸೇರಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅದು ಕೂಗಾಗಿರಲಿಲ್ಲ. ನಾನು ಸಂಡರ್‌ಲ್ಯಾಂಡಿನಲ್ಲಿ ಕೇಳಿದ್ದ ಅದೇ ಪಿಸುದನಿ, ಅದೇ ಒಣ ಜೋಳದ ಹೊಲ. ಏಳು. ಎಂಟು. ಒಂಬತ್ತು.

ಎಲ್ಲರ ತಲೆ ತಗ್ಗಿತು. ಈ ಸಲ ನನ್ನದೂ ತಗ್ಗಿತು. ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ. ಸಂಜೆ ಮುಖ ತೊಳೆಯುವಾಗ ನೋಡಿದರೆ ಕೆಳತುಟಿಯಲ್ಲಿ ರಕ್ತ ಬಂದಿತ್ತು.

ಮಂಚದ ಹಗ್ಗ ಕಿರುಗುಟ್ಟಿತು. ಆಮೇಲೆ ನೆಲದ ಮೇಲೆ ಬರಿಗಾಲಿನ ಸದ್ದು. ಒಂದು, ನಿಂತು, ಇನ್ನೊಂದು. ಅತ್ತೆ ಬಿಕ್ಕಿದರು. ನಾನು ತಲೆ ಎತ್ತಿದಾಗ ಹಾಲೇಶಿ ಕಂಬ ಹಿಡಿದು ನಿಂತಿದ್ದ. ಕಾಲು ನಡುಗುತ್ತಿದ್ದವು, ಮಡಚಿರಲಿಲ್ಲ. ಅವನು ಏಳುವುದನ್ನು ಅಲ್ಲಿದ್ದವರಲ್ಲಿ ಒಬ್ಬರೂ ನೋಡಲಿಲ್ಲ.

ಅವನು ಮತ್ತೆ ಕುಸ್ತಿ ಆಡಲಿಲ್ಲ. ಆದರೆ ನಡೆದ, ಮದುವೆಯಾದ, ಈಗ ಮಾವನ ಜಾಗದಲ್ಲಿ ಗರಡಿ ನಡೆಸುತ್ತಾನೆ. ಅದಾಗಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ನದಿಯ ಕಡೆ ಒಟ್ಟಿಗೆ ಹೋಗುವಾಗ ನಾನು ಕೇಳಿದೆ: “ಅವತ್ತು ಹೆಂಗೆ ಎದ್ದೆ ಹಾಲೇಶಿ?”

“ಸಿಟ್ಟಿಗೆ.”

“ಯಾರ ಮೇಲೆ?”

ನಾನು ತಮಾಷೆಗೆ ಕೇಳಿದೆನೇನೋ ಎಂಬಂತೆ ಅವನು ನನ್ನನ್ನು ನೋಡಿದ. “ನಿನ್ನ ಮೇಲೇ. ನಮ್ಮ ಪಡಸಾಲ್ಯಾಗೆ ಎಲ್ರೂ ಸುಮ್ನಿದ್ದಾಗ ನೀನೊಬ್ನೇ ಹತ್ತು ಅಂತ ಕೂಗಿದ್ಯಲ್ಲ, ಅಷ್ಟು ಜೋರಾಗಿ. ಜಗಳೂರಾಗೆ ಕೂಗಿದಂಗೇ.”